ವೈಫೈ 6 ರೂಟರ್ ತಂದ ಮೇಲೆ ಹಳೆಯ ಸಾಮಾನು ಸೇರುತ್ತಿಲ್ಲ, ಎಲ್ಲಾ ಬದಲಾಯಿಸಬೇಕಾ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆಯಿಂದ ಸುಮಾರು 70 ಮೀಟರ್ ದೂರದಲ್ಲಿ ಒಂದು ಕಾಟೇಜ್ ಕಟ್ಟಿಸಿ ಹೋಂಸ್ಟೇ ನಡೆಸುತ್ತಿದ್ದೇವೆ. ಫೈಬರ್ ಲೈನ್ ಇದೆ. ಅವರು ಕೊಟ್ಟ ಮೋಡೆಮ್‌ನ ವೈಫೈ ಸಾಲುತ್ತಿರಲಿಲ್ಲ. ಹಾಗಾಗಿ ಕುಶಾಲನಗರದಿಂದ ವೈಫೈ 6 ರೂಟರ್ ತಂದು ಮೋಡೆಮ್‌ಗೆ ಜೋಡಿಸಿದೆ. ಮೊಬೈಲ್‌ಗಳಲ್ಲಿ ಸ್ಪೀಡ್ ಚೆನ್ನಾಗಿದೆ. ಆದರೆ ಮಗಳ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ರೂಟರ್‌ನ ಹೆಸರೇ ಕಾಣುವುದಿಲ್ಲ. ಕಾಫಿ ಕಣದ ಹತ್ತಿರ ಹಾಕಿದ್ದ ಕ್ಯಾಮೆರಾ ಸೇರುತ್ತಿಲ್ಲ. ಪ್ರಿಂಟರ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಕಾಟೇಜ್‌ನ ಎಕ್ಸ್‌ಟೆಂಡರ್ (ವೈಫೈ ಸಿಗ್ನಲನ್ನು ಮುಂದಕ್ಕೆ ದಾಟಿಸುವ ಡಬ್ಬಿ) ಸೇರಿದೆ, ಆದರೆ ಅಲ್ಲಿ ನೆಟ್ ಆಮೆಯ ಹಾಗೆ. ಅಂಗಡಿಯವರು ‘ಹಳೇದೆಲ್ಲ ತೆಗೆದು ಒಂದೇ ಕಂಪನಿಯದ್ದು ಹಾಕಿ’ ಅಂತಾರೆ. ಬೇರೆ ದಾರಿ ಇಲ್ವಾ?

ಉತ್ತರ: ಇದೆ. ನೀವು ಹೇಳಿದ್ದರಲ್ಲಿ ಕೆಟ್ಟು ಹೋಗಿರುವ ಸಾಮಾನು ಒಂದೂ ಇದ್ದ ಹಾಗೆ ಕಾಣುವುದಿಲ್ಲ. ಆದರೆ ನಾಲ್ಕಕ್ಕೂ ಕಾಯಿಲೆ ಬೇರೆ ಬೇರೆ. ಲ್ಯಾಪ್‌ಟಾಪ್‌ಗೆ ಹೆಸರು ಕಾಣುತ್ತಿಲ್ಲ. ಕ್ಯಾಮೆರಾಕ್ಕೆ ಕಂಡರೂ ಒಳಗೆ ಬಿಡುತ್ತಿಲ್ಲ. ಎಕ್ಸ್‌ಟೆಂಡರ್ ಒಳಗೆ ಬಂದಿದೆ, ಕೆಲಸ ಸಾಗುತ್ತಿಲ್ಲ. ಪ್ರಿಂಟರ್‌ಗೆ ನೆಟ್ ಇದೆ, ಮನೆಯವರ ಮುಖ ಕಾಣುತ್ತಿಲ್ಲ. ‘ವೈಫೈ ಸರಿ ಇಲ್ಲ’ ಅಂತ ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿದರೆ ಅಂಗಡಿಯವರೂ ಒಂದೇ ಔಷಧಿ ಕೊಡುತ್ತಾರೆ. ಅವರ ತಪ್ಪೂ ಅಲ್ಲ.

ವೈಫೈ ಅಂದರೆ ಒಂದೇ ಭಾಷೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಇಪ್ಪತ್ತೈದು ವರ್ಷದಲ್ಲಿ ಒಂದರ ಮೇಲೊಂದು ಬಂದ ಒಪ್ಪಂದಗಳ ಕಂತೆ. ಈಗ ವೈಫೈ 4 ಅನ್ನುವುದು 2009ರದ್ದು, ವೈಫೈ 5 ಅನ್ನುವುದು 2013ರದ್ದು, ವೈಫೈ 6ಕ್ಕೆ ಸರ್ಟಿಫಿಕೇಟ್ ಕೊಡಲು ಶುರು ಮಾಡಿದ್ದು 2019ರಲ್ಲಿ. ಈ 4, 5, 6 ಅನ್ನುವ ಸುಲಭದ ಹೆಸರು ಬಂದಿದ್ದೇ 2018ರಲ್ಲಿ. ಅದಕ್ಕೆ ಮೊದಲು ಎನ್, ಎಸಿ ಅಂತ ಅಕ್ಷರಗಳು. ಹೊಸ ರೂಟರ್ ಹಳಬರ ಜೊತೆ ಹಳೆಯ ಭಾಷೆಯಲ್ಲೇ ಮಾತಾಡಬೇಕು ಅನ್ನುವುದು ನಿಯಮ. ಹೆಚ್ಚಿನ ಸಲ ಮಾತಾಡುತ್ತದೆ ಕೂಡ. ತೊಂದರೆ ಬರುವುದು ಹೊಸದು ಆಡುವ ಮೊದಲ ಮಾತಿಗೇ ಹಳೆಯದು ಗಲಿಬಿಲಿಯಾದಾಗ.

ಲ್ಯಾಪ್‌ಟಾಪ್‌ನಲ್ಲಿ ಆಗಿರುವುದು ಬಹುಶಃ ಅದೇ. ರೂಟರ್ ಒಂದು ಸೆಕೆಂಡಿಗೆ ಹತ್ತು ಸಲ ‘ನಾನು ಇಲ್ಲಿದ್ದೇನೆ, ನನ್ನ ಹೆಸರು ಇದು, ನನಗೆ ಇಷ್ಟೆಲ್ಲ ಬರುತ್ತೆ’ ಅಂತ ಕೂಗುತ್ತಿರುತ್ತದೆ. ವೈಫೈ 6 ರೂಟರ್‌ನ ಕೂಗಿನಲ್ಲಿ ಹೊಸ ಸಾಲುಗಳು ಇರುತ್ತವೆ. ಗೊತ್ತಿಲ್ಲದ ಸಾಲು ಬಂದರೆ ಅದನ್ನು ಬಿಟ್ಟು ಮುಂದೆ ಹೋಗಬೇಕು. ಹಳೆಯ ಕೆಲವು ಡ್ರೈವರ್‌ಗಳು, ಅಂದರೆ ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ಗಳು, ಇಡೀ ಕೂಗನ್ನೇ ಬಿಟ್ಟುಬಿಡುತ್ತವೆ. ಹಾಗಾಗಿ ಪಕ್ಕದಲ್ಲೇ ರೂಟರ್ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲ. 7265, 3165, 8260 ತರದ ಇಂಟೆಲ್ ವೈಫೈ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಥೆ. ಕಂಪನಿಯೇ ಹೊಸ ಡ್ರೈವರ್ ಕೊಟ್ಟು ಸರಿ ಮಾಡಿದೆ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಅನ್ನುವ ಕಡೆ ನಿಮ್ಮ ಕಾರ್ಡಿನ ಹೆಸರು ನೋಡಿ. ನೆಟ್ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ ಅಂತ ಕೇಳಬೇಡಿ. ಮೊಬೈಲನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿ ಟೆದರಿಂಗ್ (ಮೊಬೈಲಿನ ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿ, ಸಾಕು.

ಹೊಸ ಡ್ರೈವರ್ ಹಾಕಿದರೂ ಕಾಣದಿದ್ದರೆ ರೂಟರ್‌ನ ಚಾನೆಲ್ ನೋಡಿ. ನಿಮ್ಮ ರೂಟರ್ ಮಾತಾಡುವುದು ಎರಡು ರೇಡಿಯೋ ಪಟ್ಟಿಗಳಲ್ಲಿ, 2.4 ಮತ್ತು 5 ಗಿಗಾಹರ್ಟ್ಸ್. ಚಾನೆಲ್ ಅಂದರೆ ಪಟ್ಟಿಯೊಳಗಿನ ಒಂದು ಓಣಿ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ 1ರಿಂದ 13ರವರೆಗೆ ಚಾನೆಲ್ ಬಳಸಬಹುದು. ಅಮೆರಿಕದ ಲೆಕ್ಕದಲ್ಲಿ ಸೆಟ್ ಆಗಿ ಬಂದ ಲ್ಯಾಪ್‌ಟಾಪ್‌ಗಳು 11ರ ಆಚೆ ಕಣ್ಣು ಹಾಯಿಸುವುದೇ ಇಲ್ಲ. ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ನೆಂಟರು ಕೊಟ್ಟ ಹಳೆಯ ಲ್ಯಾಪ್‌ಟಾಪ್ ಆದರೆ ಇದನ್ನು ಖಂಡಿತ ನೋಡಿ. ರೂಟರ್‌ನಲ್ಲಿ ಚಾನೆಲ್ ‘ಆಟೋ’ ತೆಗೆದು 1, 6, 11ರಲ್ಲಿ ಒಂದನ್ನು ಹಾಕಿ. ಇದೂ ಆಗದಿದ್ದರೆ 2.4ರ ಮೋಡ್‌ನಿಂದ ‘ಎಎಕ್ಸ್’ (ವೈಫೈ 6ರ ಅಕ್ಷರ) ತೆಗೆದು ಬಿ/ಜಿ/ಎನ್ ಮಾತ್ರ ಇಡಿ. ಆ ಕಡೆ ವೈಫೈ 6 ಇಲ್ಲದಿದ್ದರೆ ನಿಮಗೇನೂ ನಷ್ಟವಿಲ್ಲ. ನಿಮ್ಮ ಮೊಬೈಲ್‌ಗಳು ಓಡುತ್ತಿರುವುದು 5 ಗಿಗಾಹರ್ಟ್ಸ್‌ನಲ್ಲಿ.

ಈಗ ಕ್ಯಾಮೆರಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಅರ್ಧ ಇದೇ ಜಾತಿಯವು. ಕ್ಯಾಮೆರಾ, ಸ್ಮಾರ್ಟ್ ಪ್ಲಗ್, ಮೊಬೈಲ್‌ನಿಂದ ಆನ್ ಮಾಡುವ ಬಲ್ಬು, ಎಲ್ಲದರದ್ದೂ ಒಂದೇ ಗೋಳು.

ಕಡಿಮೆ ಬೆಲೆಯ ಇಂಥ ಸಾಮಾನಿನೊಳಗೆ ಕೂತಿರುವ ಚಿಪ್‌ಗೆ ಹೆಚ್ಚಾಗಿ 2.4 ಗಿಗಾಹರ್ಟ್ಸ್ ಒಂದೇ ಗೊತ್ತು. 5 ಅನ್ನುವುದು ಅದಕ್ಕೆ ಇಲ್ಲವೇ ಇಲ್ಲ. ನಿಮ್ಮ ಹೊಸ ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತದೆ. ಯಾರನ್ನು ಯಾವ ಕಡೆ ಕೂರಿಸಬೇಕು ಅಂತ ತಾನೇ ನೋಡಿಕೊಳ್ಳುತ್ತದೆ. ಮೊಬೈಲ್‌ಗೆ ಇದು ಒಳ್ಳೆಯದು. ಕ್ಯಾಮೆರಾ ಸೇರಿಸುವಾಗ ಮಾತ್ರ ಎಡವಟ್ಟು. ನಿಮ್ಮ ಮೊಬೈಲ್ 5ರಲ್ಲಿ ಕೂತಿರುತ್ತದೆ. ಆ್ಯಪ್ ಅದನ್ನು ನೋಡಿ ‘5 ಗಿಗಾಹರ್ಟ್ಸ್ ಆಗಲ್ಲ’ ಅನ್ನುತ್ತದೆ, ಇಲ್ಲವೇ ಏನೂ ಹೇಳದೆ ಬಿಳಿ ಚಕ್ರ ತಿರುಗಿಸುತ್ತಾ ಇರುತ್ತದೆ.

ಎರಡನೆಯದು ಬೀಗದ ವಿಷಯ. ಪಾಸ್‌ವರ್ಡನ್ನು ಕಾಯುವ ಹಳೆಯ ಪದ್ಧತಿ ಡಬ್ಲ್ಯುಪಿಎ2. ಅದು 2004ರದ್ದು. ಹೊಸದು ಡಬ್ಲ್ಯುಪಿಎ3, 2018ರದ್ದು. ಹೊಸ ರೂಟರ್‌ಗಳಲ್ಲಿ ಕೆಲವು 3 ಮಾತ್ರ, ಕೆಲವು 2 ಮತ್ತು 3 ಸೇರಿಸಿದ ಮಿಶ್ರ ಬೀಗ ಹಾಕಿಕೊಂಡೇ ಬರುತ್ತವೆ. 3 ಮಾತ್ರ ಇದ್ದರೆ ಹಳೆಯ ಕ್ಯಾಮೆರಾಕ್ಕೆ ಬಾಗಿಲೇ ಇಲ್ಲ. ಮಿಶ್ರ ಇದ್ದರೆ ಬರಬೇಕು. ಆದರೆ ಆ ಬೀಗದ ಜೊತೆ ಬರುವ ಒಂದು ಹೊಸ ಕಾವಲನ್ನು ನೋಡಿ ಕೆಲವು ಹಳೆಯ ಚಿಪ್‌ಗಳು ತಬ್ಬಿಬ್ಬಾಗುತ್ತವೆ. ಪಾಸ್‌ವರ್ಡ್ ಸರಿ ಇದ್ದರೂ ‘ಪಾಸ್‌ವರ್ಡ್ ತಪ್ಪು’ ಅನ್ನುತ್ತವೆ. ಈ ಸುಳ್ಳನ್ನು ನಂಬಿ ಜನ ಹತ್ತು ಸಲ ಪಾಸ್‌ವರ್ಡ್ ಹೊಡೆಯುತ್ತಾರೆ.

ನಾನೂ ಹೊಡೆದಿದ್ದೇನೆ. ವಿರಾಜಪೇಟೆಯಲ್ಲಿ ಅಕ್ಕನ ಮನೆ. ಭಾವ ನೀರಿನ ಮೋಟಾರಿಗೆ ಒಂದು ಸ್ಮಾರ್ಟ್ ಸ್ವಿಚ್ ತಂದಿದ್ದರು. ಸಂಜೆ ಆರಕ್ಕೆ ಕೂತವನು ಒಂಬತ್ತಾದರೂ ಎದ್ದಿರಲಿಲ್ಲ. ಪುಟ್ಟ ನೀಲಿ ದೀಪ ಮಿಣುಕು ಮಿಣುಕು ಅನ್ನುತ್ತಿತ್ತು. ಮೊಬೈಲಿನಲ್ಲಿ 95 ಪರ್ಸೆಂಟ್‌ವರೆಗೆ ಹೋಗಿ ‘ಫೇಲ್’. ಅಕ್ಕ ಎರಡು ಸಲ ಊಟಕ್ಕೆ ಕರೆದಳು. ಮೂರನೇ ಸಲ ಕರೆಯಲಿಲ್ಲ, ಅನ್ನದ ತಟ್ಟೆ ಮುಚ್ಚಿಟ್ಟಳು. ಕೊನೆಗೆ ರೂಟರ್ ಪೇಜಿಗೆ ಹೋಗಿ ಬೀಗವನ್ನು ಡಬ್ಲ್ಯುಪಿಎ2ಗೆ ಇಳಿಸಿದೆ. ಹನ್ನೆರಡು ಸೆಕೆಂಡಿನಲ್ಲಿ ಸೇರಿತು. ಭಾವ ‘ಇಷ್ಟೇನಾ?’ ಅಂದರು. ಅದಕ್ಕಿಂತ ದೊಡ್ಡ ಬೈಗುಳ ಬೇಕಿರಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ರೂಟರ್‌ನಲ್ಲಿ ಹಳೆಯ ಸಾಮಾನಿಗೆ ಅಂತಲೇ ಇನ್ನೊಂದು ವೈಫೈ ಹೆಸರು ಇಡಿ. ‘ತೋಟ’ ಅಂತ ಏನಾದರೂ, ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಖಾಲಿ ಜಾಗ ಬಿಡದೆ. ಅದನ್ನು 2.4ರಲ್ಲಿ ಮಾತ್ರ ಇಡಿ, ಬೀಗ ಡಬ್ಲ್ಯುಪಿಎ2, ಎನ್‌ಕ್ರಿಪ್ಶನ್ ಎಇಎಸ್. ಅಲ್ಲಿ ಟಿಕೆಐಪಿ ಅಂತ ಇನ್ನೊಂದು ಕಾಣುತ್ತದೆ, ಅದನ್ನು ಮುಟ್ಟಬೇಡಿ. ಅದು ಇದ್ದರೆ ಸ್ಪೀಡ್ 2003ನೇ ಇಸವಿಯ ಲೆಕ್ಕಕ್ಕೆ, ಅಂದರೆ 54 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಮೊದಲು ಮೊಬೈಲನ್ನು ಈ ಹೆಸರಿಗೆ ಸೇರಿಸಿ, ಆಮೇಲೆ ಕ್ಯಾಮೆರಾ ಸೇರಿಸಿ. ಕ್ಯಾಮೆರಾವನ್ನು ಕಣದ ಕಂಬದಿಂದ ಇಳಿಸಿ ರೂಟರ್ ಪಕ್ಕ ತಂದು ಸೇರಿಸಿದರೆ ಕುತ್ತಿಗೆ ನೋವೂ ತಪ್ಪುತ್ತದೆ. ಒಮ್ಮೆ ಸೇರಿದರೆ ನೆನಪಿಟ್ಟುಕೊಳ್ಳುತ್ತದೆ.

ಇದರಿಂದ ಸುರಕ್ಷತೆ ಕಡಿಮೆಯಾಗಲ್ವಾ ಅಂತ ಕೇಳಬಹುದು. ಉದ್ದದ ಪಾಸ್‌ವರ್ಡ್ ಇಟ್ಟ ಡಬ್ಲ್ಯುಪಿಎ2 ತೋಟದ ಮನೆಗೆ ಸಾಕು ಅಂತ ನನ್ನ ಲೆಕ್ಕ. ‘12345678’ ಇಟ್ಟ ಡಬ್ಲ್ಯುಪಿಎ3ಗಿಂತ ಅದು ಎಷ್ಟೋ ಮೇಲು. ಮನೆಯ ಮೊಬೈಲ್‌ಗಳ ಹೆಸರಿಗೆ ಹೊಸ ಬೀಗ ಹಾಗೇ ಇರಲಿ.

ಇಲ್ಲಿ ಒಂದು ಮಾತು. ಹಳೆಯ ನಿಧಾನದ ಸಾಮಾನು ಸೇರಿದರೆ ಅದೊಂದೇ ನಿಧಾನ ಅಲ್ಲ, ಅದೇ ಚಾನೆಲ್‌ನಲ್ಲಿರುವ ಎಲ್ಲರೂ ಕಾಯಬೇಕು. ಗಾಳಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಸಂಪಾಜೆ ಘಾಟಿಯಲ್ಲಿ ಮುಂದೆ ಮರದ ಲಾರಿ ಏರುತ್ತಿದ್ದರೆ ಹಿಂದಿನ ಕಾರು ಎಷ್ಟು ಲಕ್ಷದ್ದಾದರೇನು? ಹಾಗಾಗಿ ಕ್ಯಾಮೆರಾ, ಬಲ್ಬುಗಳನ್ನು 2.4ರಲ್ಲಿ ಬಿಟ್ಟು ಮೊಬೈಲು, ಟಿವಿಗಳನ್ನು 5ರಲ್ಲಿ ಇಡುವುದು ಎರಡೂ ಕಡೆಗೆ ಒಳ್ಳೆಯದು.

ಪ್ರಿಂಟರ್ ಕಥೆ ಚಿಕ್ಕದು. ನಿಮ್ಮ ಮನೆಯಲ್ಲಿ ಈಗ ಎರಡು ರೂಟರ್ ಇವೆ. ಫೈಬರ್‌ನವರು ಕೊಟ್ಟ ಮೋಡೆಮ್ ಕೂಡ ಒಳಗೆ ರೂಟರೇ. ಅದರ ವೈಫೈ ಆಫ್ ಮಾಡಿದ್ದೀರಾ? ನೀವು ಬರೆದಿಲ್ಲ. ಮಾಡಿಲ್ಲ ಅಂತ ನನ್ನ ಅಂದಾಜು. ಪ್ರಿಂಟರ್ ಹಳೆಯ ಮೋಡೆಮ್‌ನ ವೈಫೈಯಲ್ಲಿ ಕೂತಿದೆ. ನಿಮ್ಮ ಮೊಬೈಲ್ ಕೆಲವೊಮ್ಮೆ ಹೊಸದರಲ್ಲಿ, ಕೆಲವೊಮ್ಮೆ ಹಳೆಯದರಲ್ಲಿ. ಎರಡೂ ಹಳೆಯದರಲ್ಲಿ ಸೇರಿದಾಗ ಪ್ರಿಂಟ್ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಡುವೆ ಹೊಸ ರೂಟರ್ ಗೋಡೆ ಕಟ್ಟಿದೆ. ಮೋಡೆಮ್‌ನ ವೈಫೈ ಆಫ್ ಮಾಡಿ, ಪ್ರಿಂಟರನ್ನು ಹೊಸ ರೂಟರ್‌ಗೆ ಸೇರಿಸಿ. ಎರಡು ಡಬ್ಬಿಗಳೂ 192.168.1.1 ಅನ್ನುವ ಒಂದೇ ವಿಳಾಸ ಇಟ್ಟುಕೊಂಡಿದ್ದರೆ ಜಗಳ ಖಚಿತ. ಹೊಸದಕ್ಕೆ 192.168.5.1 ಅಂತ ಕೊಟ್ಟುಬಿಡಿ.

ಹೊಸ ರೂಟರನ್ನು ‘ಆಕ್ಸೆಸ್ ಪಾಯಿಂಟ್ ಮೋಡ್’ಗೆ, ಅಂದರೆ ಗೋಡೆ ಕಟ್ಟದೆ ಬರೀ ವೈಫೈ ಹಂಚುವ ಮೋಡ್‌ಗೆ, ಹಾಕಿ ಅಂತ ಯಾರಾದರೂ ಹೇಳಬಹುದು. ತಪ್ಪಲ್ಲ. ಆದರೆ ಹೋಂಸ್ಟೇ ಇರುವವರಿಗೆ ನಾನು ಹೇಳುವುದಿಲ್ಲ. ಆ ಮೋಡ್‌ನಲ್ಲಿ ಕೆಲವು ಮಾದರಿಗಳ ಗೆಸ್ಟ್ ವೈಫೈ ಹೆಸರಿಗೆ ಮಾತ್ರ ಗೆಸ್ಟ್ ಆಗುತ್ತದೆ, ಅತಿಥಿಗಳಿಗೆ ಮನೆಯ ಕ್ಯಾಮೆರಾ ಕೂಡ ಕಾಣುತ್ತದೆ. ರೂಟರ್ ಮೋಡ್‌ನಲ್ಲೇ ಇರಲಿ. ಅತಿಥಿಗಳಿಗೆ ಗೆಸ್ಟ್ ಹೆಸರು ಕೊಡಿ. ಅಲ್ಲಿ ಸೇರಿದವರಿಗೆ ಪ್ರಿಂಟರ್ ಕಾಣುವುದಿಲ್ಲ. ಅದು ತೊಂದರೆಯಲ್ಲ, ಬೇಕಾಗಿರುವುದೇ ಅದು. ಯಾರಿಗಾದರೂ ಬಸ್ ಟಿಕೆಟ್ ಪ್ರಿಂಟ್ ಬೇಕಾದರೆ ವಾಟ್ಸ್‌ಆ್ಯಪ್ ಮಾಡಿ ಅನ್ನಿ. ಕ್ಯಾಮೆರಾಕ್ಕೆ ಅಂತ ಇಟ್ಟ ‘ತೋಟ’ದ ಹೆಸರು ಮಾತ್ರ ಈ ಗೆಸ್ಟ್ ಹೆಸರೇ ಆಗಬಾರದು, ನೆನಪಿಡಿ. ರೂಟರ್‌ನಲ್ಲಿ ಮೂರನೇ ಹೆಸರಿಗೆ ಜಾಗ ಇಲ್ಲದಿದ್ದರೆ ಮನೆಯ 2.4ಕ್ಕೆ ಮತ್ತು 5ಕ್ಕೆ ಬೇರೆ ಬೇರೆ ಹೆಸರು ಕೊಟ್ಟು, 2.4ರದ್ದನ್ನೇ ‘ತೋಟ’ ಮಾಡಿಕೊಳ್ಳಿ.

ಇನ್ನು ಕಾಟೇಜ್. ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ಕಾಟೇಜ್‌ನಲ್ಲಿ ನಿಂತು ನೋಡಿದರೆ ಮೊಬೈಲ್‌ನಲ್ಲಿ ಪೂರ್ತಿ ಕಡ್ಡಿ ಕಾಣುತ್ತದೆ, ಅಲ್ವಾ? ಆ ಕಡ್ಡಿಗಳು ನಿಮಗೂ ಎಕ್ಸ್‌ಟೆಂಡರ್‌ಗೂ ನಡುವಿನ ಲೆಕ್ಕ. ಎಕ್ಸ್‌ಟೆಂಡರ್‌ಗೆ ಮನೆಯಿಂದ ಬರುವ ಸಿಗ್ನಲ್ ಎಷ್ಟಿದೆ ಅಂತ ಅವು ಹೇಳುವುದಿಲ್ಲ. ಹಳೆಯ ಒಂದೇ ರೇಡಿಯೋದ ಎಕ್ಸ್‌ಟೆಂಡರ್ ಒಂದು ಕಿವಿಯಲ್ಲಿ ಕೇಳಿ ಅದೇ ಬಾಯಲ್ಲಿ ಮತ್ತೆ ಹೇಳಬೇಕು. ಪ್ರತಿ ಮಾತೂ ಎರಡು ಸಲ ಗಾಳಿಗೆ ಹೋಗುತ್ತದೆ. ಹಾಗಾಗಿ ಸ್ಪೀಡ್ ಅಲ್ಲೇ ಅರ್ಧ. ಉಳಿದರ್ಧವನ್ನು ನಡುವಿನ 70 ಮೀಟರ್ ತಿನ್ನುತ್ತದೆ. ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಎಲೆಯಲ್ಲಿರುವ ನೀರು ಸಿಗ್ನಲ್ ಹೀರುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದದ್ದು ಕಕ್ಕಡದ ಮಳೆಯಲ್ಲಿ ನಿಂತೇ ಹೋಗುತ್ತದೆ. 5 ಗಿಗಾಹರ್ಟ್ಸ್ ಇನ್ನೂ ಬೇಗ ಸೋಲುತ್ತದೆ.

ಅಂಗಡಿಯವರ ‘ಒಂದೇ ಕಂಪನಿ’ ಮಾತು ನಿಜವಾಗಿ ಅನ್ವಯಿಸುವುದು ಇಲ್ಲಿಗೆ, ಹಲವು ಡಬ್ಬಿ ಸೇರಿ ಒಂದೇ ವೈಫೈ ಆಗುವ ಮೆಶ್ ಅನ್ನುವ ಪದ್ಧತಿಗೆ. ಒಂದು ಕಂಪನಿಯ ಮೆಶ್ ಡಬ್ಬಿ ಇನ್ನೊಂದು ಕಂಪನಿಯದರ ಜೊತೆ ಸಾಮಾನ್ಯವಾಗಿ ಸೇರುವುದಿಲ್ಲ. ಎಲ್ಲರೂ ಸೇರಲಿ ಅಂತ 2018ರಲ್ಲಿ ಈಸಿಮೆಶ್ ಅನ್ನುವ ಒಪ್ಪಂದ ಬಂತು. ಆದರೂ ಪೆಟ್ಟಿಗೆಯ ಮೇಲೆ ಆ ಹೆಸರು ಇರುವುದು ಬೇರೆ, ಮನೆಯಲ್ಲಿ ಕೆಲಸ ಮಾಡುವುದು ಬೇರೆ. ಒಂದೇ ಕಂಪನಿಯ ಎರಡು ಸರಣಿಗಳೇ ಒಂದಕ್ಕೊಂದು ಸೇರದಿರುವುದೂ ಉಂಟು. ಹಾಗಾಗಿ ಮೆಶ್ ತರುವುದಾದರೆ ಒಂದೇ ಪೆಟ್ಟಿಗೆಯಲ್ಲಿ ಬಂದ ಜೋಡಿಯನ್ನೇ ತನ್ನಿ. ಆದರೆ ನಿಮಗೆ ನಾನು ಅದನ್ನೂ ಹೇಳುವುದಿಲ್ಲ. 70 ಮೀಟರ್ ಒದ್ದೆ ಎಲೆಗಳ ನಡುವೆ ಮೆಶ್ ಕೂಡ ಗಾಳಿಯಲ್ಲೇ ಹೋಗಬೇಕು. ವೈರ್ ಎಳೆಯಿರಿ.

ಸಾಧಾರಣ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಹಾಗಾಗಿ ದೂರ ತೊಂದರೆಯಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು ತೊಂದರೆ. ತಾಮ್ರದ ತಂತಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದರೆ ಎಲ್ಲೋ ಬಡಿದ ಸಿಡಿಲಿನ ಏಟು ಅದರ ಮೂಲಕ ಒಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಹಿಂದೆ ರೂಟರ್ ಮತ್ತು ಟಿವಿ ಒಟ್ಟಿಗೆ ಹೋದದ್ದು ಹೀಗೇ. ಸಿಡಿಲು ಬಡಿದದ್ದು ಅಂಗಳದಾಚೆಯ ಹಲಸಿನ ಮರಕ್ಕೆ. ಅದಕ್ಕೇ ಫೈಬರ್. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಕೇಬಲ್ ಕೊಳ್ಳುವಾಗ ಒಳಗೆ ಉಕ್ಕಿನ ತಂತಿ ಇಲ್ಲದ್ದನ್ನು ಕೇಳಿ. ತಂತಿ ಇದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಬೇಕು.

ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು. ಫೈಬರ್‌ನ ಬೆಳಕನ್ನು ಲ್ಯಾನ್ ತೂತಿಗೆ ಬದಲಾಯಿಸುವ ಪುಟ್ಟ ಡಬ್ಬಿ ಅದು. ಹೊಂದಾಣಿಕೆಯ ಜಗಳ ಇಲ್ಲಿ ಮತ್ತೆ ಶುರುವಾಗುತ್ತದೆ. ಒಂದೇ ಎಳೆಯಲ್ಲಿ ಎರಡು ಕಡೆ ಮಾತಾಡುವ ಡಬ್ಬಿಗಳು ಜೋಡಿಯಲ್ಲಿ ಬರುತ್ತವೆ, ಒಂದು ಎ, ಇನ್ನೊಂದು ಬಿ. ಎ ಡಬ್ಬಿ 1310 ನ್ಯಾನೊಮೀಟರ್ ಬೆಳಕಲ್ಲಿ ಹೇಳಿ 1550ರಲ್ಲಿ ಕೇಳುತ್ತದೆ. ಬಿ ಅದರ ತಿರುಗುಮುರುಗು. ನಾನು ಒಮ್ಮೆ ಎರಡೂ ಎ ತಂದು, ಮೂರ್ನಾಡಿನ ಒಂದು ತೋಟದಲ್ಲಿ ಮಧ್ಯಾಹ್ನವೆಲ್ಲ ಕೇಬಲ್ ಕೆಟ್ಟಿದೆ ಅಂತ ಹುಡುಕಿದ್ದೇನೆ. ಇಬ್ಬರೂ ಒಂದೇ ಬಣ್ಣದಲ್ಲಿ ಕೂಗುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ. ಸ್ಪೀಡೂ ಒಂದೇ ಇರಬೇಕು, ಒಂದು 100 ಎಂಬಿಪಿಎಸ್, ಇನ್ನೊಂದು ಗಿಗಾಬಿಟ್ ಆದರೆ ದೀಪವೇ ಹತ್ತುವುದಿಲ್ಲ. ಕೊನೆಗೆ ತುದಿಯ ಬಣ್ಣ. ಹಸಿರು ತುದಿಯನ್ನು ಎಂಟು ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆ ಇಲ್ಲದ್ದು. ಹಸಿರನ್ನು ನೀಲಿಗೆ ತುರುಕಿದರೆ ಹೋಗುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಕನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ ನೀಲಿ, ಮನೆಗೆ ಬರುವ ಫೈಬರ್ ಲೈನಿನಲ್ಲಿ ಹಸಿರು. ತುದಿ ಕಟ್ಟಿಸುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಕರೆಂಟು ಹೋದಾಗ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಇದನ್ನು ಕೇಳಲೇಬೇಕು. ರೂಟರ್‌ಗೆ ಹಾಕುವ ಮಿನಿ ಯುಪಿಎಸ್‌ನ ಪಿನ್ ಎಲ್ಲದಕ್ಕೂ ಹೋಗುವ ಹಾಗೆ ಕಾಣುತ್ತದೆ. ಆದರೆ ಕೆಲವು ಡಬ್ಬಿ 12 ವೋಲ್ಟ್, ಕೆಲವು 9, ಹೆಚ್ಚಿನ ಪುಟ್ಟ ಕನ್ವರ್ಟರ್‌ಗಳು 5. ಪಿನ್ ಹೋಯಿತು ಅಂತ 5ರದ್ದಕ್ಕೆ 12 ಕೊಟ್ಟರೆ ಹೊಗೆ. ಪ್ರತಿ ಅಡಾಪ್ಟರ್‌ನ ಮೇಲೆ ವೋಲ್ಟ್, ಆಂಪಿಯರ್ ಓದಿ ಕಾಗದದ ಚೂರಿನಲ್ಲಿ ಬರೆದು ವೈರಿಗೆ ಅಂಟಿಸಿಡಿ. ನಾನು ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಹಾಗೇ ಮಾಡಿದ್ದೇನೆ.

ಈ ಎಲ್ಲದರ ನಡುವೆ ನಿಮ್ಮ ಹಳೆಯ ಎಕ್ಸ್‌ಟೆಂಡರನ್ನು ಎಸೆಯಬೇಡಿ. ಅದರ ಕೆಳಗೆ ಅಥವಾ ಬದಿಯಲ್ಲಿ ಲ್ಯಾನ್ ತೂತು ಇದೆಯಾ ನೋಡಿ. ಇದ್ದು, ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್’ ಅಂತ ಕಂಡರೆ, ಕಾಟೇಜ್ ಕಡೆಯ ಕನ್ವರ್ಟರ್‌ನಿಂದ ಒಂದು ಸಣ್ಣ ಕೇಬಲ್ ಅದಕ್ಕೆ ಕೊಡಿ. ಈಗ ಅದು ಗಾಳಿಯಿಂದ ಕದ್ದು ಕೇಳಬೇಕಾಗಿಲ್ಲ. ಮನೆಯದು ಚಾನೆಲ್ 1ರಲ್ಲಿದ್ದರೆ ಇದನ್ನು 11ಕ್ಕೆ ಹಾಕಿ. ಹೀಗೆ ಎಳೆದ ಕೇಬಲ್ ಮನೆಯ ನೆಟ್‌ವರ್ಕನ್ನೇ ಕಾಟೇಜ್‌ಗೆ ಕೊಂಡೊಯ್ಯುತ್ತದೆ, ರೂಟರ್‌ನ ಗೆಸ್ಟ್ ಗೋಡೆ ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಅತಿಥಿಗಳಿಗೆ ಮನೆಯ ಕ್ಯಾಮೆರಾ, ಪ್ರಿಂಟರ್ ಕಾಣಬಾರದು ಅಂದರೆ ಕೇಬಲ್‌ನ ಮನೆಯ ತುದಿಯನ್ನು ಹೊಸ ರೂಟರ್‌ಗೆ ಸಿಕ್ಕಿಸಬೇಡಿ, ಫೈಬರ್ ಮೋಡೆಮ್‌ನ ಖಾಲಿ ಲ್ಯಾನ್ ತೂತಿಗೆ ಸಿಕ್ಕಿಸಿ. ಪ್ರಿಂಟರ್‌ಗೆ ಅಡ್ಡ ಬಂದ ಅದೇ ಗೋಡೆ ಆಗ ನಿಮ್ಮ ಮನೆಯನ್ನು ಕಾಯುತ್ತದೆ. ತೂತು ಇಲ್ಲದ ಎಕ್ಸ್‌ಟೆಂಡರ್ ಆದರೆ ಅದರ ಮಾದರಿ ಸಂಖ್ಯೆ ಬರೆದು ಕಳಿಸಿ. ಹಿಂಬದಿಯ ಬಿಳಿ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.